ಕುಂಬಳಕಾಯಿ ಕಳ್ಳ ಮತ್ತು ಕ್ಯೂಆರ್ ಕೋಡ್

2025ರ ಜುಲೈ ತಿಂಗಳು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗಲ್ಲಾದ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡುಗಳು ಒಂದೊಂದಾಗಿ ಮಾಯವಾದವು. ಅವುಗಳ ಜಾಗಕ್ಕೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಬಂದವು. ದೇಶದ ಅತಿ ದೊಡ್ಡ ಪಾವತಿ ಆ್ಯಪ್ ಫೋನ್‌ಪೇ ಹುಟ್ಟಿದ ಊರಿನಲ್ಲೇ ಗಿರಾಕಿಗಳು ಟೀಗೆ ಚಿಲ್ಲರೆ ಹುಡುಕುವಂತಾಯಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಪಾವತಿ ಕಂಪನಿಗಳಿಂದ ಯುಪಿಐ ಲೆಕ್ಕ ತರಿಸಿಕೊಂಡು ಜಾಲಾಡಿತ್ತು. 2021-22ರಿಂದ ಈಚೆಗೆ ಸರಕಿನ ವ್ಯಾಪಾರದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿಯ ಗೆರೆ ದಾಟಿಯೂ ಜಿಎಸ್‌ಟಿ ನೋಂದಣಿ ಮಾಡಿಸದವರು ಎಂದು ತನಗೆ ಕಂಡ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು.

ಆಗ ಟಿ.ವಿ. ಚರ್ಚೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಆಫೀಸುಗಳ ಊಟದ ಡಬ್ಬಿಗಳ ಸುತ್ತ ಓಡಾಡಿದ ಮಾತು ಹೆಚ್ಚುಕಡಿಮೆ ಒಂದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಲೆಕ್ಕ ಸರಿಯಿದ್ದವನಿಗೆ ಹೆದರಿಕೆ ಯಾಕೆ? ಸಂಬಳದವರ ತೆರಿಗೆ ಕೈಗೆ ಬರುವ ಮೊದಲೇ ಮುರಿದುಹೋಗುತ್ತದೆ, ಇವರಿಗೇನು ವಿಶೇಷ? ಸರ್ಕಾರ ನೋಡಿದರೆ ನೋಡಲಿ, ನೋಡುವವರು ಇದ್ದರೆ ತಾನೇ ಮೋಸ ಕಡಿಮೆಯಾಗುವುದು?

ಈ ಮಾತಿನಲ್ಲಿ ಸತ್ಯದ ಪಾಲಿಲ್ಲ ಎನ್ನಲಾಗದು. ಗೆರೆ ದಾಟಿದ ವ್ಯಾಪಾರಿ ನೋಂದಣಿ ಮಾಡಿಸಬೇಕು ಎಂಬುದು ಕಾನೂನು. ಬೇಕೆಂದೇ ತಪ್ಪಿಸಿಕೊಂಡವರೂ ಆ ಪಟ್ಟಿಯಲ್ಲಿ ಇದ್ದಿರಬಹುದು. ತೆರಿಗೆ ಕೇಳುವ ಇಲಾಖೆಯ ಹಕ್ಕು ಇಲ್ಲಿ ತಕರಾರಿನ ವಿಷಯವೇ ಅಲ್ಲ. ತಕರಾರಿರುವುದು ಆ ಮಾತಿನ ಬುಡದಲ್ಲಿ ಅಡಗಿ ಕೂತ ಒಂದು ನಂಬಿಕೆಯ ಬಗ್ಗೆ. ಮೊಬೈಲ್ ಹಣದ ಮೇಲೆ ಸರ್ಕಾರದ ಕಣ್ಣಿದೆ, ಆದ್ದರಿಂದ ಹಣ ಕೊಡುವವನೂ ಪಡೆಯುವವನೂ ಕ್ಷೇಮ ಎಂಬ ನಂಬಿಕೆ ಅದು. ಕಣ್ಣು ಇರುವುದು ನಿಜ. ಅದು ಯಾರ ಕಡೆ ತಿರುಗಿದೆ ಎಂದು ಮಾತ್ರ ಯಾರೂ ಕೇಳುತ್ತಿಲ್ಲ. ಹತ್ತು ವರ್ಷಗಳ ಯುಪಿಐ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಿದರೆ, ಹಣ ತೆರುವವನ ಮೇಲೆ, ಸಣ್ಣ ಅಂಗಡಿಯವನ ಮೇಲೆ ದಿನೇ ದಿನೇ ಚುರುಕಾಗುತ್ತಿರುವ ಈ ಕಣ್ಣು, ಅವರ ಮಾಹಿತಿಯನ್ನು ಗುಡ್ಡೆ ಹಾಕಿಕೊಂಡವರ ವಿಷಯದಲ್ಲಿ ತೂಕಡಿಸುತ್ತಲೇ ಬಂದಿದೆ ಎಂಬುದು ಕಾಣುತ್ತದೆ.

ಮೊದಲು ಆ ನೋಟಿಸುಗಳ ಕಥೆಯನ್ನೇ ಮುಗಿಸೋಣ. ಉತ್ತರ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರಿಗೆ ಸುಮಾರು 29 ಲಕ್ಷ ರೂಪಾಯಿ ತೆರಿಗೆಯ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಇಲಾಖೆಯ ಕಂಪ್ಯೂಟರಿಗೆ ಕಂಡದ್ದು ಖಾತೆಗೆ ಬಂದ ಮೊತ್ತ ಮಾತ್ರ. ಬುಟ್ಟಿಯಲ್ಲಿದ್ದದ್ದು ಬದನೆಕಾಯಿಯೋ ಬಿಸ್ಕತ್ತೋ ಅದಕ್ಕೆ ಕಾಣಲಿಲ್ಲ. ಸಣ್ಣ ಅಂಗಡಿಯವನ ಫೋನ್ ಎಂದರೆ ಅಂಗಡಿಯ ಗಲ್ಲಾವೂ ಹೌದು, ಮನೆಯ ತಿಜೋರಿಯೂ ಹೌದು. ಮೈದುನ ವಾಪಸು ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಮಗಳ ಮದುವೆಗೆ ನೆಂಟರು ಕಳಿಸಿದ ಉಡುಗೊರೆ, ಚಿಲ್ಲರೆ ಬೇಕೆಂದು ಪಕ್ಕದ ಅಂಗಡಿಯವನು ಫೋನಿಗೆ ಹಾಕಿ ನೋಟು ಒಯ್ದದ್ದು, ಎಲ್ಲವೂ ಒಂದೇ ಕ್ಯೂಆರ್ ಕೋಡಿಗೆ ಬಂದು ಬೀಳುತ್ತವೆ. ಅಷ್ಟನ್ನೂ ವಹಿವಾಟು ಎಂದು ಕೂಡಿಸಿಕೊಂಡರೆ ಟೀ ಅಂಗಡಿಯವನೂ ಕಾಗದದ ಮೇಲೆ ಸಾಹುಕಾರನಾಗುತ್ತಾನೆ. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಅವನದೇ. ನಾಲ್ಕು ವರ್ಷದ ಹಿಂದೆ ಬಂದ ಹನ್ನೆರಡು ರೂಪಾಯಿ ಯಾತರದ್ದು ಎಂದು ಅವನು ಯಾವ ಪುಸ್ತಕ ತೆರೆದು ತೋರಿಸಬೇಕು?

ವ್ಯಾಪಾರಿಗಳು ಹಾಲಿನ ಪದಾರ್ಥಗಳ ಮಾರಾಟ ನಿಲ್ಲಿಸಿದರು, ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತನಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಬಂದ್ ವಾಪಸಾಯಿತು. ಅಷ್ಟರಲ್ಲಿ ನೋಟಿಸ್ ಯಾರ ತಪ್ಪು ಎಂಬ ಬಗ್ಗೆ ರಾಜ್ಯದ ಕಾಂಗ್ರೆಸ್ ನಾಯಕರು ಕೇಂದ್ರದ ಕಡೆಗೂ, ಕೇಂದ್ರ ಸಚಿವ ಪ್ರಲ್ಹಾದ ಜೋಶಿ ರಾಜ್ಯದ ಕಡೆಗೂ ಬೆರಳು ತೋರಿಸಿ ಆಗಿತ್ತು. ಕೋಟ್ಯಂತರ ಪಾವತಿಗಳ ಲೆಕ್ಕ ಕಂಪನಿಗಳಿಂದ ಇಲಾಖೆಗೆ ಹೋದದ್ದು ಹೇಗೆ, ಅದರಲ್ಲಿ ಗಿರಾಕಿಗಳ ವಿವರ ಎಷ್ಟಿತ್ತು, ಕೆಲಸ ಮುಗಿದ ಮೇಲೆ ಅದನ್ನು ಅಳಿಸಲಾಯಿತೋ ಇಲ್ಲವೋ ಎಂಬ ಪ್ರಶ್ನೆಗಳು ಈ ಜಗಳದ ಗದ್ದಲದಲ್ಲಿ ಕಳೆದುಹೋದವು. ಬಾಕಿ ಮನ್ನಾ ಆಯಿತು, ಪದ್ಧತಿ ಹಾಗೆಯೇ ಉಳಿಯಿತು.

ಹತ್ತು ರೂಪಾಯಿಯ ಟೀಗೆ ಸ್ಕ್ಯಾನ್ ಮಾಡಿದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫೋನಿನ ಆ್ಯಪ್ ತಾನಾಗಿ ಬ್ಯಾಂಕಲ್ಲ. ಅದರ ಬೆನ್ನಿಗೆ ಒಂದು ಬ್ಯಾಂಕು ಇರುತ್ತದೆ. ಯುಪಿಐ ಐಡಿಯ ಬಾಲದಲ್ಲಿ ಕಾಣುವ ‘ವೈಬಿಎಲ್’, ‘ಓಕೆಆ್ಯಕ್ಸಿಸ್’ ಅಕ್ಷರಗಳು ಆ ಬ್ಯಾಂಕಿನ ಗುರುತು. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹೇರಿದ ರಾತ್ರಿ ಫೋನ್‌ಪೇ ಸ್ತಬ್ಧವಾದಾಗಲೇ ಎಷ್ಟೋ ಜನರಿಗೆ ಆ ಬಾಲದ ಅರ್ಥ ತಿಳಿದದ್ದು. ಆ್ಯಪಿನ ಬೆನ್ನಿಗಿರುವ ಬ್ಯಾಂಕಿನಿಂದ ಆದೇಶ ರಾಷ್ಟ್ರೀಯ ಪಾವತಿ ನಿಗಮದ ಜಾಲಕ್ಕೆ ಹೋಗುತ್ತದೆ. ಅಲ್ಲಿಂದ ಹಣ ಕೊಡುವವನ ಬ್ಯಾಂಕಿಗೆ, ಆಮೇಲೆ ಪಡೆಯುವವನ ಬ್ಯಾಂಕಿಗೆ. ಅಂಗಡಿಯವನ ಆ್ಯಪ್ ಬೇರೆಯಾದರೆ ಅದಕ್ಕೂ ಸುದ್ದಿ ಮುಟ್ಟುತ್ತದೆ. ಗುಪ್ತ ಪಿನ್ ಮಾತ್ರ ಆ್ಯಪ್ ಕಂಪನಿಗೆ ಕಾಣದಂತೆ ವ್ಯವಸ್ಥೆ ಮಾಡಿದ್ದಾರೆ, ಅದನ್ನು ಮೆಚ್ಚಬೇಕು. ಆದರೆ ಯಾರು, ಯಾರಿಗೆ, ಎಷ್ಟು, ಯಾವ ಹೊತ್ತಿಗೆ ಕೊಟ್ಟರು ಎಂಬುದು ದಾರಿಯುದ್ದಕ್ಕೂ ದಾಖಲಾಗುತ್ತ ಹೋಗುತ್ತದೆ.

ಹಳೆಯ ಕಾಲದಲ್ಲಿ ಶೆಟ್ಟರ ಅಂಗಡಿಯ ಉದ್ರಿ ಪುಸ್ತಕದಲ್ಲೂ ಓಣಿಯವರ ಗುಟ್ಟುಗಳಿದ್ದವು. ಯಾರ ಮನೆಯಲ್ಲಿ ತಿಂಗಳ ಕೊನೆಗೆ ಸಕ್ಕರೆ ಮುಗಿಯುತ್ತದೆ, ಯಾರು ಬೀಡಿ ಬಿಟ್ಟರು, ಯಾರು ಮತ್ತೆ ಶುರು ಮಾಡಿದರು, ಶೆಟ್ಟರಿಗೆ ಗೊತ್ತಿತ್ತು. ಆದರೆ ಶೆಟ್ಟರಿಗೆ ಗೊತ್ತಿದ್ದದ್ದು ಶೆಟ್ಟರಿಗೆ ಮಾತ್ರ. ಆ ಪುಸ್ತಕಕ್ಕೆ ಔಷಧಿ ಅಂಗಡಿಯ, ಬಾರಿನ, ದೇವಸ್ಥಾನದ ಹುಂಡಿಯ, ಮಕ್ಕಳ ಟ್ಯೂಷನ್ನಿನ, ಮನೋವೈದ್ಯರ ಫೀಸಿನ ಪುಸ್ತಕಗಳನ್ನು ಯಾರೂ ಹೊಲಿದಿರಲಿಲ್ಲ. ಈಗ ಹೊಲಿದಿದ್ದಾರೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ಮೂಲಕ ನಡೆದ ಪಾವತಿಗಳು 2,000 ಕೋಟಿ. ಅವುಗಳಲ್ಲಿ ಐದಕ್ಕೆ ನಾಲ್ಕು ಪಾಲು ಹಾದುಹೋಗುವುದು ಎರಡೇ ಆ್ಯಪ್‌ಗಳ ಮೂಲಕ. ಒಂದರ ಬಹುಪಾಲು ಒಡೆತನ ಅಮೆರಿಕದ ವಾಲ್‌ಮಾರ್ಟ್ ಕೈಲಿದೆ, ಫ್ಲಿಪ್‌ಕಾರ್ಟಿನದೂ ಅದರದೇ. ಇನ್ನೊಂದು ಗೂಗಲ್‌ನದು. ಜಗತ್ತಿನ ಅತಿ ದೊಡ್ಡ ಜಾಹೀರಾತು ವ್ಯಾಪಾರಿಯ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ.

ಈ ಸೇವೆಗೆ ಶುಲ್ಕವಿಲ್ಲ. 2020ರ ಜನವರಿಯಿಂದ ವ್ಯಾಪಾರಿಗಳಿಂದ ಯುಪಿಐ ಶುಲ್ಕ ಪಡೆಯುವಂತಿಲ್ಲ ಎಂದು ಸರ್ಕಾರವೇ ಕಾನೂನು ಮಾಡಿದೆ. ಒಳ್ಳೆಯದೇ. ಆದರೆ ಪುಕ್ಕಟೆ ಗಿರಣಿ ನಡೆಸುವವನು ಹಿಟ್ಟಿನಲ್ಲಿ ಎಷ್ಟು ಪಾಲು ಇಟ್ಟುಕೊಳ್ಳುತ್ತಾನೆ ಎಂದು ನೋಡುವವರು ಯಾರಾದರೂ ಇರಬೇಕಲ್ಲ? ಸಾಲ, ವಿಮೆ, ಮ್ಯೂಚುವಲ್ ಫಂಡ್, ಚಿನ್ನ ಎಂದು ಅದೇ ಆ್ಯಪಿನ ಪರದೆ ಸಂತೆಯಾಗಿರುವುದನ್ನು ದಿನಾ ನೋಡುವ ಗಿರಾಕಿಗೆ, ತನ್ನ ಖರ್ಚಿನ ಚರಿತ್ರೆ ಎಲ್ಲೆಲ್ಲಿ ಕೆಲಸ ಮಾಡುತ್ತಿದೆ ಎಂದು ಕೇಳುವ ಹಕ್ಕಿಲ್ಲವೇ?

ಈ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೇಳಿ ಆಗಿದೆ. 2020ರಲ್ಲಿ ಆಗಿನ ರಾಜ್ಯಸಭಾ ಸದಸ್ಯ, ಕೇರಳದ ಬಿನೋಯ್ ವಿಶ್ವಂ ಸುಪ್ರೀಂ ಕೋರ್ಟಿಗೆ ಹೋದರು. ಗೂಗಲ್, ಅಮೆಜಾನ್, ವಾಟ್ಸ್‌ಆ್ಯಪ್ ಯುಪಿಐಯಿಂದ ಕಲೆಹಾಕುವ ಮಾಹಿತಿಯನ್ನು ತಮ್ಮ ಮಾತೃ ಕಂಪನಿಗಳಿಗೆ ದಾಟಿಸದಂತೆ ಆರ್‌ಬಿಐ ಮತ್ತು ಪಾವತಿ ನಿಗಮ ನಿಯಮ ಮಾಡಲಿ ಎಂಬುದು ಅವರ ಕೋರಿಕೆ. 2021ರ ಜನವರಿಯಲ್ಲಿ ಆರ್‌ಬಿಐ ಕೊಟ್ಟ ಉತ್ತರವನ್ನು ಯುಪಿಐ ಬಳಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಈ ಕಂಪನಿಗಳು ಯುಪಿಐ ನಿಯಮ ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ಪಾವತಿ ನಿಗಮದ್ದು, ತನ್ನದಲ್ಲ. 2018ರ ಏಪ್ರಿಲ್ 6ರಂದು ತಾನು ಹೊರಡಿಸಿದ ಸುತ್ತೋಲೆ ಪಾವತಿ ಮಾಹಿತಿಯನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಮಾತ್ರ ಸಂಬಂಧಿಸಿದ್ದು, ಹಂಚಿಕೊಳ್ಳುವುದಕ್ಕಾಗಲೀ ಖಾಸಗಿತನಕ್ಕಾಗಲೀ ಅಲ್ಲ. ಖಾಸಗಿತನದ ವಿಷಯ ಕೇಂದ್ರ ಸರ್ಕಾರಕ್ಕೆ ಸೇರಿದ್ದು. ಆರ್‌ಬಿಐ ಹೇಳಿದ್ದರ ಸಾರ ಇಷ್ಟು.

ಹಾಗಾದರೆ ಪಾವತಿ ನಿಗಮ ಎಂದರೆ ಯಾರು? ಹೆಸರು ಕೇಳಿದರೆ ಸರ್ಕಾರಿ ಇಲಾಖೆ ಅನಿಸುತ್ತದೆ. ಅದು 2008ರಲ್ಲಿ ಬ್ಯಾಂಕುಗಳೇ ಸೇರಿ ಕಟ್ಟಿದ, ಲಾಭಕ್ಕಲ್ಲದ ಕಂಪನಿ. ಆಟ ಆಡಿಸುವುದೂ ಅದೇ, ಸೀಟಿ ಊದುವುದೂ ಅದೇ. ಸೀಟಿ ಎಷ್ಟು ಜೋರಾಗಿ ಊದುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ಯಾವ ಆ್ಯಪೂ ಒಟ್ಟು ಯುಪಿಐ ಪಾವತಿಗಳ ಶೇ 30ಕ್ಕಿಂತ ಹೆಚ್ಚು ಪಾಲು ಹೊಂದಿರಬಾರದು ಎಂದು 2020ರ ನವೆಂಬರಿನಲ್ಲಿ ನಿಗಮ ಪ್ರಕಟಿಸಿತು. ದೊಡ್ಡ ಆ್ಯಪ್‌ಗಳಿಗೆ 2022ರ ಕೊನೆಯವರೆಗೆ ಸಮಯ ಕೊಟ್ಟಿತು. ಗಡುವು ಬಂತು, 2024ಕ್ಕೆ ಮುಂದೆ ಹೋಯಿತು. ಮತ್ತೆ ಬಂತು, 2026ರ ಡಿಸೆಂಬರ್ 31ಕ್ಕೆ ಹೋಯಿತು. ಹೀಗೆ ಗಡುವು ಮುಂದೂಡಿಸಿಕೊಳ್ಳುವ ಭಾಗ್ಯ ಬೇಕರಿಯವನಿಗೆ ಬರಬೇಕಾದರೆ ಬಂದ್ ಕರೆಯನ್ನೇ ಕೊಡಬೇಕಾಯಿತು.

ಇದೆಲ್ಲ ಹಳೆಯ ಮಾತು, ಈಗ ಡೇಟಾ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆಯೇ ಬಂದಿದೆಯಲ್ಲ ಎನ್ನುವವರಿದ್ದಾರೆ. ಬಂದಿದೆ. ಅದನ್ನೂ ಬಿಡಿಸಿ ನೋಡೋಣ.

ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ಕೊಟ್ಟ ಕರಡಿನಲ್ಲಿ ಹಣಕಾಸಿನ ಮಾಹಿತಿಯನ್ನು ‘ಸೂಕ್ಷ್ಮ ಮಾಹಿತಿ’ ಎಂದು ಬೇರೆ ಮಾಡಿ, ಆರೋಗ್ಯದ ಮಾಹಿತಿಯ ಸಾಲಿನಲ್ಲಿ ಇಟ್ಟು, ಹೆಚ್ಚಿನ ಕಾವಲು ಹಾಕಲಾಗಿತ್ತು. 2023ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಚಪ್ಪಲಿ ಅಂಗಡಿಗೆ ಕೊಟ್ಟ ಪಾದದ ಅಳತೆಗೂ, ಬ್ಯಾಂಕ್ ಖಾತೆಯ ಚರಿತ್ರೆಗೂ ಈಗ ಒಂದೇ ತಕ್ಕಡಿ. ಮಾಹಿತಿ ಸೋರಲು ಬಿಟ್ಟ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎಂದು ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆದವು. ದಂಡದ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಯಾರ ಮಾಹಿತಿ ಸೋರಿತೋ ಅವರಿಗೆ ಒಂದು ಕಾಸೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಲ್ಲಿ ನಷ್ಟಕ್ಕೊಳಗಾದವರು ಪರಿಹಾರ ಕೇಳುವ ಅವಕಾಶವೊಂದಿತ್ತು. ಹೊಸ ಕಾಯ್ದೆ ಪೂರ್ತಿ ಜಾರಿಯಾಗುವ ಹೊತ್ತಿಗೆ ಆ ಕಲಂ ಕೂಡ ಬಿದ್ದುಹೋಗುತ್ತದೆ. ಮನೆ ಕಳವಾದವನಿಗೆ ಏನೂ ಇಲ್ಲ, ಬೀಗ ಸರಿಯಾಗಿ ಹಾಕದ ಕಾವಲುಗಾರನ ಜುಲ್ಮಾನೆ ಮಾತ್ರ ಸರ್ಕಾರದ ಬೊಕ್ಕಸಕ್ಕೆ.

ಇನ್ನು ಸರ್ಕಾರಕ್ಕೆ? ರಾಷ್ಟ್ರದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ತನ್ನ ಯಾವುದೇ ಸಂಸ್ಥೆಯನ್ನು ಕೇಂದ್ರ ಸರ್ಕಾರ ಒಂದು ಅಧಿಸೂಚನೆಯಿಂದ ಕಾಯ್ದೆಯ ಹೊರಗೆ ಇಡಬಹುದು. ಯಾವುದೇ ಕಾನೂನಿನ ಉಲ್ಲಂಘನೆಯನ್ನು ಪತ್ತೆ ಹಚ್ಚುವ ಕೆಲಸಕ್ಕೂ ಕಾಯ್ದೆಯ ಬಹುಪಾಲು ಕಟ್ಟುಪಾಡುಗಳಿಂದ ವಿನಾಯಿತಿ. ಎಂದರೆ ಮುಂದೆ ಇನ್ನೊಂದು ಜುಲೈ ಬಂದರೂ ಈ ಕಾಯ್ದೆಯನ್ನು ಹಿಡಿದು ವ್ಯಾಪಾರಿ ಕೇಳುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಕಾಯ್ದೆಗೆ ರಾಷ್ಟ್ರಪತಿ ಸಹಿ ಬಿದ್ದ ಎರಡು ವರ್ಷ ಮೂರು ತಿಂಗಳ ಮೇಲೆ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ. ಆದರೆ ಅದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಗೆ ತಂದ ತಿದ್ದುಪಡಿ ತಕ್ಷಣವೇ ಜಾರಿಗೆ ಬಂತು. ವೈಯಕ್ತಿಕ ಮಾಹಿತಿ ಎಂಬ ಕಾರಣ ಕೊಟ್ಟು ಸರ್ಕಾರಿ ಕಡತಗಳನ್ನು ಮುಚ್ಚಿಡುವುದು ಆ ತಿದ್ದುಪಡಿಯಿಂದ ಹಗುರವಾಗಿದೆ. ಪ್ರಜೆಯ ಖಾಸಗಿತನಕ್ಕೆ ಒಂದೂವರೆ ವರ್ಷ ಕಾಯಬೇಕು, ಅಧಿಕಾರಿಯ ಖಾಸಗಿತನ ಅದೇ ದಿನ ಬಂತು. ಯಾರ ಹೆಗಲ ಮೇಲೆ ಬೂದಿ ಅಂಟಿದೆ ಎಂದು ನೋಡಲು ಹೊರಟವರು ಈ ತಾರೀಕುಗಳನ್ನೂ ಒಮ್ಮೆ ನೋಡಬೇಕು.

ಸೋರಿಕೆ ಕಲ್ಪನೆಯ ಮಾತಲ್ಲ. ಬೆಂಗಳೂರಿನದೇ ಪಾವತಿ ತಂತ್ರಜ್ಞಾನ ಕಂಪನಿ ಜಸ್‌ಪೇಯಿಂದ 2020ರ ಆಗಸ್ಟಿನಲ್ಲಿ ಮಾಹಿತಿ ಕಳವಾಯಿತು. ಕೆಲವು ಅಂಕಿಗಳನ್ನು ಮರೆಮಾಡಿದ ಕಾರ್ಡ್ ವಿವರಗಳ ಸುಮಾರು 3.5 ಕೋಟಿ ದಾಖಲೆಗಳು ಅದರಲ್ಲಿದ್ದವು. ಕಾರ್ಡಿನ ಪೂರ್ತಿ ಸಂಖ್ಯೆ ಹೋಗಿಲ್ಲ ಎಂದು ಕಂಪನಿ ಹೇಳಿತು, ಅದನ್ನು ನಂಬೋಣ. ಆದರೆ ಕಾರ್ಡುದಾರರಿಗೆ ಸುದ್ದಿ ತಿಳಿದದ್ದು 2021ರ ಜನವರಿಯಲ್ಲಿ, ಅದೂ ಭದ್ರತಾ ಸಂಶೋಧಕರೊಬ್ಬರು ಆ ಕಡತ ಕಳ್ಳಸಂತೆಯಲ್ಲಿ ಮಾರಾಟಕ್ಕಿರುವುದನ್ನು ಕಂಡು ಹೇಳಿದ ಮೇಲೆ. ಇಂಥ ಘಟನೆಗಳನ್ನು ಆರು ತಾಸಿನೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಆದೇಶಿಸಿತು. ವರದಿ ಯಾರಿಗೆ? ಸರ್ಟ್-ಇನ್‌ಗೆ. ಗಿರಾಕಿಗೆ ಹೇಳಬೇಕೆಂದು ಆ ಆದೇಶದಲ್ಲಿಲ್ಲ.

ಹೀಗೇ ಇರಬೇಕೆಂದೇನೂ ಇಲ್ಲ. ಯುಪಿಐಯ ಹಾಗೆಯೇ ಬೀದಿ ವ್ಯಾಪಾರಿಯವರೆಗೂ ಮುಟ್ಟಿದ ಇನ್ನೊಂದು ವ್ಯವಸ್ಥೆ ಬ್ರೆಜಿಲ್‌ನ ಪಿಕ್ಸ್. ಅದನ್ನು ನಡೆಸುವುದು ಅಲ್ಲಿನ ಕೇಂದ್ರ ಬ್ಯಾಂಕೇ. 2021ರ ಸೆಪ್ಟೆಂಬರಿನಲ್ಲಿ ಬ್ಯಾನೆಸೆ ಎಂಬ ಪ್ರಾಂತೀಯ ಬ್ಯಾಂಕಿನಿಂದ ಸುಮಾರು ನಾಲ್ಕು ಲಕ್ಷ ಪಿಕ್ಸ್ ಗುರುತುಗಳು ಸೋರಿದಾಗ ಕೇಂದ್ರ ಬ್ಯಾಂಕ್ ತಾನಾಗಿ ಅದನ್ನು ಪ್ರಕಟಿಸಿತು, ಬ್ಯಾಂಕಿನ ಹೆಸರನ್ನೂ ಹೇಳಿತು. ಆಮೇಲಿನ ಸೋರಿಕೆಗಳನ್ನೂ ಹಾಗೆಯೇ ಪ್ರಕಟಿಸುತ್ತ ಬಂದಿದೆ. ಅಲ್ಲಿನ ತೆರಿಗೆ ಇಲಾಖೆಯೇನೂ ಸಾಧುವಲ್ಲ. ತಿಂಗಳಿಗೆ 5,000 ರಿಯಾಲ್ ದಾಟಿದ ಖಾತೆಗಳ ಮೊತ್ತವನ್ನು ಪಾವತಿ ಕಂಪನಿಗಳೂ ವರದಿ ಮಾಡಬೇಕೆಂಬ ನಿಯಮವನ್ನು ಅದು 2025ರ ಜನವರಿ 1ರಿಂದ ತಂದಿತು. ಪಿಕ್ಸ್ ಮೇಲೆ ತೆರಿಗೆ ಬರುತ್ತದೆ ಎಂಬ ಸುಳ್ಳು ಸುದ್ದಿಯೂ ಸೇರಿ ಜನ ರೊಚ್ಚಿಗೆದ್ದರು, ಜನವರಿ 15ಕ್ಕೆ ನಿಯಮ ವಾಪಸಾಯಿತು. ಬೆಂಗಳೂರಿನ ಗಲ್ಲಾಗಳಿಂದ ಕ್ಯೂಆರ್ ಕೋಡ್ ಇಳಿದದ್ದು ಆರು ತಿಂಗಳ ಮೇಲೆ. ಆ ಸುದ್ದಿ ವಿಧಾನಸೌಧದ ಯಾವ ಕೋಣೆಗೂ ಮುಟ್ಟಿರಲಿಲ್ಲವೋ ಏನೋ.

ಪೊಲೀಸರ ಮಾತಿಗೆ ಬಂದರೆ ಚಿತ್ರ ಇನ್ನೂ ವಿಚಿತ್ರ. ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಂ ಪ್ರಕಾರ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 94ನೇ ಕಲಂ, ಠಾಣಾಧಿಕಾರಿಯೇ ಒಂದು ಲಿಖಿತ ಆದೇಶದಿಂದ ದಾಖಲೆಗಳನ್ನು ತರಿಸಿಕೊಳ್ಳಬಹುದು. ಆದರೆ ಅಂಚೆ ಇಲಾಖೆಯ ಕೈಯಲ್ಲಿರುವ ಪೋಸ್ಟ್‌ಕಾರ್ಡ್ ಬೇಕಾದರೆ ಅದು ಸಾಲದು, ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ನ್ಯಾಯಾಲಯದ ಆದೇಶವೇ ಬೇಕು. ಪೋಸ್ಟ್‌ಮನ್ನಿನಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಓದಬಹುದಾದ ‘ನಾವು ಕ್ಷೇಮ’ ಎಂಬ ಕಾರ್ಡಿಗೆ ಇರುವ ಮರ್ಯಾದೆ, ಒಬ್ಬನ ಐದು ವರ್ಷದ ಬದುಕನ್ನೇ ಬಿಚ್ಚಿಡಬಲ್ಲ ಪಾವತಿ ಚರಿತ್ರೆಗೆ ಇಲ್ಲ! ಕ್ರಿಕೆಟ್ ಬೆಟ್ಟಿಂಗ್ ಪ್ರಕರಣವೊಂದರಲ್ಲಿ ಪೊಲೀಸರು ಹೀಗೆಯೇ ಕೇಳಿದ ಮಾಹಿತಿಯನ್ನು ಕೊಡಲಾಗದು ಎಂದು ಫೋನ್‌ಪೇ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಗ್ರಾಹಕರ ಗೋಪ್ಯತೆ ಕಾನೂನುಬದ್ಧ ತನಿಖೆಗೆ ಅಡ್ಡಿಯಾಗಲಾಗದು ಎಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2025ರ ಏಪ್ರಿಲಿನಲ್ಲಿ ಅರ್ಜಿ ತಳ್ಳಿಹಾಕಿದರು. ತನಿಖೆ ನಿಲ್ಲಬಾರದು ಎಂಬುದನ್ನು ಒಪ್ಪೋಣ. ಆದರೆ ಆ ದಾಖಲೆಗೂ ಠಾಣೆಗೂ ನಡುವೆ ಒಬ್ಬ ಮ್ಯಾಜಿಸ್ಟ್ರೇಟ್ ನಿಂತರೆ ಯಾವ ಬುಕ್ಕಿ ತಪ್ಪಿಸಿಕೊಂಡಾನು? ಈ ಕಾನೂನನ್ನು ತಿದ್ದಬೇಕಾದದ್ದು ಸಂಸತ್ತು. 2023ರಲ್ಲಿ ಹೊಸ ಸಂಹಿತೆ ಬರೆಯುವಾಗ ಹೆಸರು ಬದಲಾಯಿತು, ಕಲಮಿನ ಸಂಖ್ಯೆ ಬದಲಾಯಿತು, ಪೋಸ್ಟ್‌ಕಾರ್ಡ್ ಅಲ್ಲೇ ಉಳಿಯಿತು.

ಖಾತೆ ಸ್ತಂಭನದ ಕಥೆ ಕೇರಳದವರನ್ನು ಕೇಳಬೇಕು. ಯಾವುದೋ ರಾಜ್ಯದಲ್ಲಿ ಯಾರಿಗೋ ಆದ ಸೈಬರ್ ವಂಚನೆಯ ಹಣ ಕೈಯಿಂದ ಕೈಗೆ ಜಾರಿ ಕೊನೆಗೆ ಒಂದಿಷ್ಟು ರೂಪಾಯಿ ಅಂಗಡಿಯ ಖಾತೆಗೆ ಬಂದರೆ ಸಾಕು, ಇಡೀ ಖಾತೆಗೇ ಬೀಗ. ಬಿರಿಯಾನಿ ಕೊಟ್ಟು ಹಣ ಪಡೆದವನಿಗೆ ಗಿರಾಕಿಯ ಪೂರ್ವಾಪರ ಗೊತ್ತಿರಬೇಕಿತ್ತೇ? ಅನುಮಾನದ ಮೊತ್ತವನ್ನಷ್ಟೇ ತಡೆಹಿಡಿಯಿರಿ, ಪೂರ್ತಿ ಖಾತೆಯನ್ನಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಬೇಕಾಯಿತು. ಲೆಕ್ಕ ಸರಿಯಿದ್ದವನಿಗೆ ಹೆದರಿಕೆ ಯಾಕೆ ಎನ್ನುವವರಿಗೆ ಉತ್ತರ ಇಲ್ಲೇ ಇದೆ. ಇವರ ಲೆಕ್ಕ ಸರಿಯಾಗಿಯೇ ಇತ್ತು.

ಇನ್ನೊಂದು ವಾದ ಸ್ವಲ್ಪ ಘನವಾಗಿ ಕೇಳಿಸುತ್ತದೆ. ಕಂಪನಿಗೋ ಬ್ಯಾಂಕಿಗೋ ನೀವೇ ಕೈಯಾರೆ ಮಾಹಿತಿ ಕೊಟ್ಟ ಮೇಲೆ ಅದು ನಿಮ್ಮ ಗುಟ್ಟಾಗಿ ಉಳಿಯುವುದು ಹೇಗೆ? ಈ ವಾದ ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ಒಪ್ಪಿದ್ದು. ಭಾರತದಲ್ಲಿ ಇದನ್ನು ತಳ್ಳಿಹಾಕಿ ಎರಡು ದಶಕ ದಾಟಿದೆ, ತಳ್ಳಿಹಾಕಿದ ಪ್ರಕರಣದಲ್ಲಿ ಇದ್ದದ್ದು ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಕಟ್ಟಿದ ಕೆನರಾ ಬ್ಯಾಂಕು. ಸ್ಟ್ಯಾಂಪ್ ಕಾಯ್ದೆಗೆ ಆಂಧ್ರಪ್ರದೇಶ ಮಾಡಿದ್ದ ತಿದ್ದುಪಡಿಯೊಂದು ಅಧಿಕಾರಿಗಳಿಗೆ ಬ್ಯಾಂಕಿನೊಳಗೆ ನುಗ್ಗಿ ಗ್ರಾಹಕರ ದಾಖಲೆಗಳನ್ನು ತಪಾಸಣೆ ಮಾಡುವ ಅಧಿಕಾರ ಕೊಟ್ಟಿತ್ತು. ಬ್ಯಾಂಕಿನ ಕೈಗೆ ಹೋದ ಮಾತ್ರಕ್ಕೆ ದಾಖಲೆ ತನ್ನ ಖಾಸಗಿತನ ಕಳೆದುಕೊಳ್ಳುವುದಿಲ್ಲ ಎಂದು 2004ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಖಾಸಗಿತನ ಇರುವುದು ಜಾಗಕ್ಕಲ್ಲ, ವ್ಯಕ್ತಿಗೆ ಎಂಬುದು ಆ ತೀರ್ಪಿನ ಹುರುಳು. ಕಾಗದದ ಕಡತಕ್ಕೆ ಸಿಕ್ಕ ಈ ರಕ್ಷಣೆ ಫೋನಿನೊಳಗಿನ ಕಡತಕ್ಕೆ ಇಲ್ಲವೆನ್ನಲು ಯಾವ ನ್ಯಾಯ?

ಕೊನೆಯದಾಗಿ, ದುಡಿದು ತಿನ್ನುವವರಿಗೆ ಯಾತರ ಖಾಸಗಿತನ, ಅದು ಉಳ್ಳವರ ಶೋಕಿ ಎಂಬ ಉಡಾಫೆ. ಈ ಮಾತಾಡುವವರು ಮೆಡಿಕಲ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಲು ಹಿಂಜರಿಯುವ ಹುಡುಗಿಯರನ್ನು ಕೇಳಿ ನೋಡಲಿ. ಎಷ್ಟೋ ಯುಪಿಐ ಐಡಿಗಳು ಮೊಬೈಲ್ ನಂಬರೇ ಆಗಿರುತ್ತವೆ. ಹಣ ಕೊಟ್ಟ ಕ್ಷಣ ಹೆಸರೂ ನಂಬರೂ ಗುರುತಿಲ್ಲದವನ ಫೋನಿನಲ್ಲಿ ಮೂಡುವ ಸಂಭವವಿದೆ. ಐಡಿ ಬದಲಿಸಿಕೊಳ್ಳಬಹುದು, ನಿಜ. ಬದಲಿಸಬಹುದು ಎಂಬುದು ಎಷ್ಟು ಜನರಿಗೆ ಗೊತ್ತಿದೆ? ಸಾಲದ ಆ್ಯಪ್‌ಗಳ ಕಾಟ ಇನ್ನೂ ಮರೆತಿಲ್ಲ. ಕೆಲವೇ ಸಾವಿರ ರೂಪಾಯಿ ಸಾಲ ಕೊಟ್ಟು, ಫೋನಿನಲ್ಲಿದ್ದ ನಂಟರಿಷ್ಟರ ನಂಬರುಗಳನ್ನೆಲ್ಲ ದೋಚಿ, ಅವರಿಗೆಲ್ಲ ಕರೆ ಮಾಡಿ ಮಾನ ಹರಾಜು ಹಾಕಿದವರು ಆರಿಸಿಕೊಂಡದ್ದು ಉಳ್ಳವರನ್ನಲ್ಲ. ಪ್ರಾಣ ಕಳೆದುಕೊಂಡವರೂ ಉಳ್ಳವರಲ್ಲ.

ಆ ಕಾಟಕ್ಕೆ ಆರ್‌ಬಿಐ ಮಾಡಿದ ಮದ್ದು ಈ ಇಡೀ ವಾದಕ್ಕೆ ಗಟ್ಟಿ ಆಧಾರ. 2022ರ ಸೆಪ್ಟೆಂಬರಿನಲ್ಲಿ ಅದು ಸಾಲದ ಆ್ಯಪ್‌ಗಳು ಗ್ರಾಹಕನ ಫೋನಿನ ಕಡತ, ಚಿತ್ರ, ಸಂಪರ್ಕ ಪಟ್ಟಿ, ಕರೆ ವಿವರಗಳನ್ನು ಮುಟ್ಟಲೇಬಾರದು ಎಂದು ಕಟ್ಟಾಜ್ಞೆ ಮಾಡಿತು. ಮರುತಿಂಗಳಿನಿಂದ ಆನ್‌ಲೈನ್ ಅಂಗಡಿಗಳು ಗಿರಾಕಿಯ ಕಾರ್ಡ್ ನಂಬರ್ ಇಟ್ಟುಕೊಳ್ಳುವುದೂ ನಿಂತಿತು. ಅಂಗಡಿಗಳು ಮುಚ್ಚಲಿಲ್ಲ, ಸಾಲ ಕೊಡುವುದು ನಿಲ್ಲಲಿಲ್ಲ. ಕಣ್ಣನ್ನು ಕಂಪನಿಗಳ ಕಡೆ ತಿರುಗಿಸಲು ಆರ್‌ಬಿಐಗೆ ಬರುತ್ತದೆ ಎಂದಾಯಿತಲ್ಲ. ಹಾಗಿರುವಾಗ ಪಾವತಿ ಆ್ಯಪ್‌ಗಳ ವಿಷಯದಲ್ಲಿ ಮಾತ್ರ ಸುಪ್ರೀಂ ಕೋರ್ಟಿನ ಮುಂದೆ ನಿಂತು ಅದು ನಮ್ಮ ಕೆಲಸವಲ್ಲ ಎಂದದ್ದನ್ನು ಅಸಹಾಯಕತೆ ಎಂದು ಒಪ್ಪುವುದು ಹೇಗೆ?

ಮುಂದಿನ ಜುಲೈಗೆ ಮುನ್ನ ಆಗಬೇಕಾದ ಕೆಲಸಗಳೇನೂ ಗುಡ್ಡ ಕಡಿಯುವಂಥವಲ್ಲ. ಪಾವತಿಯ ಮಾಹಿತಿಯನ್ನು ಪಾವತಿಯ ಹೊರತು ಬೇರೆ ಕೆಲಸಕ್ಕೆ, ಜಾಹೀರಾತಿಗಾಗಲೀ ಸಾಲಕ್ಕಾಗಲೀ, ಬೇರೆಯಾಗಿ ಕೇಳದೆ ಬಳಸಬಾರದು ಎಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಬಹುದು. ಯಾವ ಇಲಾಖೆ ಎಷ್ಟು ಜನರ ಲೆಕ್ಕ ಕೇಳಿತು, ಎಷ್ಟನ್ನು ಕೊಟ್ಟೆವು ಎಂದು ಕಂಪನಿಗಳು ವರ್ಷಕ್ಕೊಮ್ಮೆ ಪ್ರಕಟಿಸುವಂತೆ ಮಾಡಬಹುದು. ಯುಪಿಐ ಅಂಕಿಯೊಂದನ್ನೇ ಹಿಡಿದು ಹಳೆಯ ವರ್ಷಗಳ ತೆರಿಗೆ ಲೆಕ್ಕ ಕಟ್ಟುವುದಿಲ್ಲ, ಮೊದಲು ಅಂಗಡಿಗೆ ಬಂದು ಬುಟ್ಟಿ ನೋಡುತ್ತೇವೆ ಎಂದು ವಾಣಿಜ್ಯ ತೆರಿಗೆ ಇಲಾಖೆ ಬರೆದು ಕೊಡಬಹುದು. ವಿಧಾನಸಭೆಯ 224 ಸದಸ್ಯರಲ್ಲಿ ಒಬ್ಬರಾದರೂ ಎದ್ದು, ಆ ನಾಲ್ಕು ವರ್ಷಗಳ ಲೆಕ್ಕದ ಪ್ರತಿ ಈಗ ಎಲ್ಲಿದೆ, ಯಾರ ಸುಪರ್ದಿಯಲ್ಲಿದೆ ಎಂದು ಕೇಳಬಹುದು.

ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪಿಗೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು, 98ನೇ ವಯಸ್ಸಿನಲ್ಲಿ. ಆ ತೀರ್ಪಿನ ಹೆಸರು ಹೇಳಿಕೊಂಡು ಬಂದ ಕಾಯ್ದೆಯಲ್ಲಿ ಕಂಪನಿಗಳನ್ನು ಕಟ್ಟಿಹಾಕುವ ಕಲಮುಗಳು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ.